ಸಂಖ್ಯಾ ಸಿದ್ಧಾಂತ ಓದಿದವರಿಗೆ ಕ್ರಿಪ್ಟೋಗ್ರಫಿಯಲ್ಲಿ ಏನು ಕೆಲಸ? ನೀಲ್ ಕೋಬ್ಲಿಟ್ಸ್ ನಡೆದ ದಾರಿ

ಪ್ರಶ್ನೆ: ನಾನು ಎಂಎಸ್ಸಿ ಗಣಿತ ಓದುತ್ತಿದ್ದೇನೆ. ಸಂಖ್ಯಾ ಸಿದ್ಧಾಂತ ತುಂಬಾ ಇಷ್ಟ. ಅದರಿಂದ ಏನು ಉಪಯೋಗ ಎಂದು ಮನೆಯಲ್ಲಿ ಕೇಳುತ್ತಾರೆ. ಸಂದೇಶಗಳ ಗುಟ್ಟು ಕಾಯುವ ವಿದ್ಯೆಯಾದ ಕ್ರಿಪ್ಟೋಗ್ರಫಿ ಕಡೆ ಹೋಗಬಹುದು ಎಂದು ಮೇಷ್ಟ್ರು ಹೇಳಿದರು. ಆದರೆ ಅದು ಸಾಫ್ಟ್‌ವೇರ್‌ನವರ ಕೆಲಸ ಅಲ್ವಾ? ಅಲ್ಲಿ ಗಣಿತಜ್ಞರು ನಿಜವಾಗಿ ಮಾಡುವುದೇನು? ಯಾರಾದರೂ ಒಬ್ಬರ ಉದಾಹರಣೆ ಹಿಡಿದು ವಿವರವಾಗಿ ಹೇಳುತ್ತೀರಾ?

ಉತ್ತರ: ಈ ಪ್ರಶ್ನೆಗೆ ಸಾಮಾನ್ಯವಾಗಿ ಆರ್‌ಎಸ್‌ಎ ಎಂಬ ಗುಟ್ಟು ಕಾಯುವ ಪದ್ಧತಿ ಕಂಡುಹಿಡಿದ ರಿವೆಸ್ಟ್, ಶಮೀರ್, ಆಡ್ಲ್‌ಮನ್ ಅವರ ಕಥೆ ಹೇಳುತ್ತಾರೆ. ನಾನು ಬೇರೆಯವರನ್ನು ಆರಿಸಿಕೊಳ್ಳುತ್ತೇನೆ. ಅವರು ಅಮೆರಿಕದ ನೀಲ್ ಕೋಬ್ಲಿಟ್ಸ್. 1985ರಲ್ಲಿ ಅವರು ಒಂದು ಹೊಸ ಪದ್ಧತಿ ಸೂಚಿಸಿದರು. ಆಮೇಲೆ ಮೂವತ್ತು ವರ್ಷ ಅದನ್ನು, ಮತ್ತು ತಮ್ಮ ಸುತ್ತಲಿನವರ ಪದ್ಧತಿಗಳನ್ನು, ಅನುಮಾನದಿಂದ ಪರೀಕ್ಷಿಸುತ್ತಲೇ ಇದ್ದರು. ಕ್ರಿಪ್ಟೋಗ್ರಫಿಯಲ್ಲಿ ಗಣಿತಜ್ಞರ ಮುಖ್ಯ ಕೆಲಸ ಈ ಎರಡನೆಯದೇ ಎಂದು ನಾನು ನಂಬಿದ್ದೇನೆ.

ಕೋಬ್ಲಿಟ್ಸ್ ಹುಟ್ಟಿದ್ದು 1948ರಲ್ಲಿ. ಹಾರ್ವರ್ಡ್‌ನಲ್ಲಿ ಪದವಿ, ಪ್ರಿನ್ಸ್‌ಟನ್‌ನಲ್ಲಿ ನಿಕೊಲಸ್ ಕಾಟ್ಸ್ ಅವರ ಬಳಿ ಸಂಶೋಧನೆ. 1974ರಲ್ಲಿ ಪಿಎಚ್‌ಡಿ ಬಂತು. 1979ರಿಂದ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಪಾಠ. ರಷ್ಯನ್ ಚೆನ್ನಾಗಿ ಬರುತ್ತಿತ್ತು. ಯೂರಿ ಮಾನಿನ್ ಬರೆದ ತರ್ಕಶಾಸ್ತ್ರದ ಪುಸ್ತಕವನ್ನು ಇಂಗ್ಲಿಷಿಗೆ ತಂದವರು ಇವರೇ. ಅವರ ಮೊದಲ ಹತ್ತು ವರ್ಷದ ಕೆಲಸದಲ್ಲಿ ಗುಟ್ಟು, ಕೀಲಿ, ಕಂಪ್ಯೂಟರ್ ಯಾವುದರ ಸುಳಿವೂ ಇರಲಿಲ್ಲ. ಎಲ್ಲವೂ ಶುದ್ಧ ಸಂಖ್ಯಾ ಸಿದ್ಧಾಂತ.

ಆ ದಿನಗಳಲ್ಲಿ ಅವರ ಮನಸ್ಸನ್ನು ಹಿಡಿದಿದ್ದ ಒಂದು ಸಮಸ್ಯೆಯನ್ನು ನಿಮಗೆ ಹೇಳಲೇಬೇಕು. ಒಂದು ಲಂಬಕೋನ ತ್ರಿಭುಜ ಇದೆ. ಅದರ ಮೂರೂ ಬದಿಗಳು ಪೂರ್ಣಾಂಕ ಅಥವಾ ಭಿನ್ನರಾಶಿ ಆಗಿರಬೇಕು. ಆಗ ಅದರ ವಿಸ್ತೀರ್ಣ ಯಾವ ಯಾವ ಪೂರ್ಣಾಂಕ ಆಗಬಹುದು? 3, 4, 5 ಬದಿಗಳ ತ್ರಿಭುಜದ ವಿಸ್ತೀರ್ಣ 6. ಹಾಗಾಗಿ 6 ಸಾಧ್ಯ. 5 ಸಾಧ್ಯವಾ? ಸಾಧ್ಯ. ಬದಿಗಳು 3/2, 20/3, 41/6. ಕಾಗದದ ಮೇಲೆ ಗುಣಿಸಿ ನೋಡಿ, ಸರಿಹೋಗುತ್ತದೆ. ಆದರೆ 1 ಸಾಧ್ಯವಿಲ್ಲ ಎಂದು ಫರ್ಮಾ 17ನೇ ಶತಮಾನದಲ್ಲೇ ತೋರಿಸಿದ್ದರು. ಹೈಸ್ಕೂಲ್ ಮಕ್ಕಳಿಗೂ ಅರ್ಥವಾಗುವ ಈ ಪ್ರಶ್ನೆಗೆ ಪೂರ್ತಿ ಉತ್ತರ ಇವತ್ತಿಗೂ ಸಾಬೀತಾಗಿಲ್ಲ. ಸಂಖ್ಯೆಯನ್ನು ಎನ್ ಎಂದು ಕರೆದರೆ, ಈ ಪ್ರಶ್ನೆ ‘ವೈ ವರ್ಗ = ಎಕ್ಸ್ ಘನ − ಎನ್ ವರ್ಗ × ಎಕ್ಸ್’ ಎಂಬ ವಕ್ರರೇಖೆಯ ಮೇಲೆ ಭಿನ್ನರಾಶಿಗಳ ಬಿಂದುಗಳು ಎಷ್ಟಿವೆ ಎಂಬ ಪ್ರಶ್ನೆಯಾಗಿ ಬದಲಾಗುತ್ತದೆ. ಇಂಥ ಘನ ಸಮೀಕರಣಗಳ ರೇಖೆಗಳಿಗೆ ಎಲಿಪ್ಟಿಕ್ ಕರ್ವ್ ಎನ್ನುತ್ತಾರೆ. 1983ರಲ್ಲಿ ಜೆರೊಲ್ಡ್ ಟನಲ್ ಈ ಸಮಸ್ಯೆಯಲ್ಲಿ ದೊಡ್ಡ ಹೆಜ್ಜೆ ಇಟ್ಟರು. ಮರುವರ್ಷ, 1984ರಲ್ಲಿ, ಕೋಬ್ಲಿಟ್ಸ್ ಈ ಒಂದೇ ಸಮಸ್ಯೆಯನ್ನು ದಾರವಾಗಿ ಹಿಡಿದು ಇಡೀ ವಿಷಯವನ್ನು ಕಲಿಸುವ ಪಠ್ಯಪುಸ್ತಕ ತಂದರು. ಅವರು ಎಷ್ಟು ಒಳ್ಳೆಯ ಮೇಷ್ಟ್ರು ಎಂಬುದಕ್ಕೆ ಅದೊಂದೇ ಸಾಕು.

ಈ ರೇಖೆಗಳ ವಿಶೇಷ ಏನೆಂದರೆ, ಅವುಗಳ ಮೇಲಿನ ಬಿಂದುಗಳನ್ನು ಕೂಡಿಸಬಹುದು. ಎರಡು ಬಿಂದು ತೆಗೆದುಕೊಂಡು ಸರಳರೇಖೆ ಎಳೆಯಿರಿ. ಅದು ಕರ್ವ್ ಅನ್ನು ಮೂರನೇ ಕಡೆ ಮುಟ್ಟುತ್ತದೆ. ಆ ಬಿಂದುವನ್ನು ಎಕ್ಸ್ ಅಕ್ಷದ ಆಚೆಗೆ ಮಗುಚಿ. ಸಿಕ್ಕಿದ್ದೇ ಮೊತ್ತ. ಗೊತ್ತಿರುವ ಎರಡು ಪರಿಹಾರ ಸೇರಿಸಿ ಮೂರನೆಯದನ್ನು ಪಡೆಯುವ ಉಪಾಯ ನಮಗೇನೂ ಹೊಸದಲ್ಲ. ಬ್ರಹ್ಮಗುಪ್ತ 628ರಲ್ಲೇ ವರ್ಗಪ್ರಕೃತಿ ಸಮೀಕರಣಗಳಿಗೆ ಅದನ್ನು ಮಾಡಿದ್ದರು. ಭಾವನಾ ಎಂಬ ಹೆಸರಿನಲ್ಲಿ ನೀವು ಅದನ್ನು ಓದಿರಬಹುದು. ಸಮೀಕರಣ ಬೇರೆ, ಆದರೆ ಆಲೋಚನೆ ಒಂದೇ ಜಾತಿಯದು.

ಈಗ ಕ್ರಿಪ್ಟೋಗ್ರಫಿ ಕಡೆ ಬರೋಣ. 1976ರಲ್ಲಿ ಡಿಫಿ ಮತ್ತು ಹೆಲ್‌ಮನ್ ಒಂದು ವಿಚಿತ್ರ ಮಾತು ಹೇಳಿದರು. ಇಬ್ಬರು ಎಂದೂ ಭೇಟಿಯಾಗದೆ, ಎಲ್ಲರೂ ಕೇಳಿಸಿಕೊಳ್ಳುವ ದಾರಿಯಲ್ಲೇ ಮಾತಾಡಿ, ತಮ್ಮಿಬ್ಬರಿಗೆ ಮಾತ್ರ ಗೊತ್ತಿರುವ ಒಂದು ಗುಟ್ಟಿನ ಸಂಖ್ಯೆ ಮಾಡಿಕೊಳ್ಳಬಹುದು. ಅದಕ್ಕೆ ಅವರು ಬಳಸಿದ್ದು ದೊಡ್ಡ ಅವಿಭಾಜ್ಯ ಸಂಖ್ಯೆಯಿಂದ ಭಾಗಿಸಿದಾಗ ಉಳಿಯುವ ಶೇಷಗಳ ಘಾತ. ಘಾತ ಕಟ್ಟುವುದು ಸುಲಭ, ಹಿಂದಕ್ಕೆ ಹೋಗಿ ಘಾತಾಂಕ ಹುಡುಕುವುದು ಕಷ್ಟ. ಆದರೆ ಎಷ್ಟು ಕಷ್ಟ? ಅಂದುಕೊಂಡಷ್ಟಲ್ಲ. ಇಂಡೆಕ್ಸ್ ಕ್ಯಾಲ್ಕುಲಸ್ ಎಂಬ ವಿಧಾನ ಇದೆ. ಶೇಷಗಳನ್ನು ಸಣ್ಣ ಸಣ್ಣ ಅವಿಭಾಜ್ಯಗಳಾಗಿ ಒಡೆದು, ಅವುಗಳ ನಡುವಿನ ಸಂಬಂಧಗಳನ್ನು ಕಲೆಹಾಕಿ, ಕೊನೆಗೆ ಉತ್ತರ ತೆಗೆಯುತ್ತದೆ. ಅದಕ್ಕಾಗಿಯೇ ಈ ಪದ್ಧತಿಗಳಿಗೆ ಭಾರಿ ದೊಡ್ಡ ಸಂಖ್ಯೆಗಳು ಬೇಕಾಗುತ್ತವೆ.

1984ರಲ್ಲಿ ಹೆಂಡ್ರಿಕ್ ಲೆನ್‌ಸ್ಟ್ರಾ ಒಂದು ಚಿಕ್ಕ ಪತ್ರ ಬರೆದು ಪರಿಚಿತರಿಗೆ ಹಂಚಿದರು. ದೊಡ್ಡ ಸಂಖ್ಯೆಗಳ ಅಪವರ್ತನ ಕಂಡುಹಿಡಿಯಲು ಎಲಿಪ್ಟಿಕ್ ಕರ್ವ್ ಬಳಸುವ ಹೊಸ ದಾರಿ ಅದರಲ್ಲಿತ್ತು. ಆರ್‌ಎಸ್‌ಎಯ ಭದ್ರತೆ ನಿಂತಿರುವುದೇ ಈ ಅಪವರ್ತನ ಕಷ್ಟ ಎಂಬುದರ ಮೇಲೆ. ಅಂದರೆ ಲೆನ್‌ಸ್ಟ್ರಾ ಈ ರೇಖೆಗಳನ್ನು ಬೀಗ ಒಡೆಯಲು ತಂದರು. ಕೋಬ್ಲಿಟ್ಸ್ ಅದನ್ನು ಓದಿ ತಿರುಗಿಸಿ ಯೋಚಿಸಿದರು. ಇದೇ ರೇಖೆಗಳಿಂದ ಬೀಗ ಮಾಡಿದರೆ? ಡಿಫಿ ಮತ್ತು ಹೆಲ್‌ಮನ್ ಶೇಷಗಳನ್ನು ಗುಣಿಸಿದ ಕಡೆ ಬಿಂದುಗಳನ್ನು ಕೂಡಿಸಿದರೆ? ಬಿಂದುಗಳಲ್ಲಿ ಸಣ್ಣ ಅವಿಭಾಜ್ಯ ಎಂಬುದೇ ಇಲ್ಲ. ಹಾಗಾಗಿ ಇಂಡೆಕ್ಸ್ ಕ್ಯಾಲ್ಕುಲಸ್‌ಗೆ ಹಿಡಿತ ಸಿಗುವುದಿಲ್ಲ. ಆಗ ಅವರು ಸೋವಿಯತ್ ಒಕ್ಕೂಟದಲ್ಲಿದ್ದರು. ಈ ವಿಷಯ ಮಾತಾಡಲು ಅಲ್ಲಿ ಯಾರೂ ಸಿಗುವಂತಿರಲಿಲ್ಲ. ಬೆಲ್ ಲ್ಯಾಬ್ಸ್‌ನ ಆಂಡ್ರೂ ಒಡ್ಲಿಜ್ಕೊಗೆ ಅಂಚೆಯಲ್ಲಿ ಪತ್ರ ಹಾಕಿದರು. ಉತ್ತರ ಬಂತು: ಆಲೋಚನೆ ಚೆನ್ನಾಗಿದೆ, ಐಬಿಎಂನ ವಿಕ್ಟರ್ ಮಿಲ್ಲರ್ ಕೂಡ ಇದನ್ನೇ ಹೇಳುತ್ತಿದ್ದಾರೆ. ಇಬ್ಬರೂ ಒಬ್ಬರಿಗೊಬ್ಬರು ಗೊತ್ತಿಲ್ಲದೆ ಒಂದೇ ಕಡೆ ಬಂದು ನಿಂತಿದ್ದರು. ಇವತ್ತಿಗೂ ಇಬ್ಬರ ಹೆಸರನ್ನೂ ಒಟ್ಟಿಗೆ ಹೇಳುತ್ತಾರೆ. ಹಾಗೆ ಹೇಳುವುದೇ ನ್ಯಾಯ. ಮೂಲ ಆಲೋಚನೆಗೆ ಇಬ್ಬರಲ್ಲಿ ಯಾರೂ ಪೇಟೆಂಟ್ ಮಾಡಿಸಲಿಲ್ಲ.

ಇದು ಹೇಗೆ ಕೆಲಸ ಮಾಡುತ್ತದೆ ಎಂದು ಪುಟ್ಟ ಲೆಕ್ಕದಲ್ಲಿ ತೋರಿಸುತ್ತೇನೆ. ಪೆನ್ನು ಹಿಡಿದು ಜೊತೆಗೆ ಮಾಡಿ. ‘ವೈ ವರ್ಗ = ಎಕ್ಸ್ ಘನ + 2 ಎಕ್ಸ್ + 2’ ಎಂಬ ರೇಖೆ ತೆಗೆದುಕೊಳ್ಳಿ. ಎಲ್ಲ ಲೆಕ್ಕವೂ 17ರಿಂದ ಭಾಗಿಸಿ ಉಳಿದ ಶೇಷದಲ್ಲಿ, ಗಡಿಯಾರದ ಹಾಗೆ 17 ತಲುಪಿದರೆ ಮತ್ತೆ 0. ಶುರುವಿನ ಬಿಂದು (5, 1). ಅದಕ್ಕೆ ಅದನ್ನೇ ಕೂಡಿಸಿದರೆ, ಅಂದರೆ ಅಲ್ಲಿ ಸ್ಪರ್ಶಕ ಎಳೆದರೆ, (6, 3) ಬರುತ್ತದೆ. ಇನ್ನೊಮ್ಮೆ ಕೂಡಿಸಿದರೆ ಮೂರು ಪಟ್ಟು, (10, 6). ನಾಲ್ಕು ಪಟ್ಟು (3, 1). ಏಳು ಪಟ್ಟು (0, 6). ಹತ್ತೊಂಬತ್ತು ಪಟ್ಟು ಆದಾಗ ಸೊನ್ನೆಯ ಪಾತ್ರ ವಹಿಸುವ ಬಿಂದುವಿಗೆ ಬರುತ್ತೇವೆ. ಅಲ್ಲಿಂದ ಮತ್ತೆ ಮೊದಲಿನಿಂದ ಶುರು.

ಈಗ ಕಮಲ ತನ್ನ ಗುಟ್ಟಿನ ಸಂಖ್ಯೆ 3 ಎಂದು ಇಟ್ಟುಕೊಂಡು (10, 6) ಅನ್ನು ಎಲ್ಲರಿಗೂ ಕಾಣುವಂತೆ ಕಳಿಸುತ್ತಾಳೆ. ರಹೀಮ್ 7 ಇಟ್ಟುಕೊಂಡು (0, 6) ಕಳಿಸುತ್ತಾನೆ. ಕಮಲ ಅವನ ಬಿಂದುವನ್ನು 3 ಪಟ್ಟು ಮಾಡುತ್ತಾಳೆ. ರಹೀಮ್ ಅವಳದನ್ನು 7 ಪಟ್ಟು ಮಾಡುತ್ತಾನೆ. ಇಬ್ಬರಿಗೂ ಸಿಗುವುದು 21 ಪಟ್ಟು. 19 ಕಳೆದರೆ 2 ಪಟ್ಟು, ಅಂದರೆ (6, 3). ಅದೇ ಇಬ್ಬರ ಗುಟ್ಟು. ದಾರಿಯಲ್ಲಿ ಕದ್ದು ನೋಡಿದವರಿಗೆ (10, 6) ಮತ್ತು (0, 6) ಕಂಡಿವೆ. ಆದರೆ 3 ಮತ್ತು 7 ಕಂಡಿಲ್ಲ. ಇಲ್ಲಿ 19 ಬಿಂದುಗಳಷ್ಟೇ ಇರುವುದರಿಂದ ಒಂದೊಂದಾಗಿ ನೋಡಿದರೂ ಸಿಕ್ಕಿಬಿಡುತ್ತದೆ. ನಿಜವಾದ ಬಳಕೆಯಲ್ಲಿ 17ರ ಜಾಗದಲ್ಲಿ 256 ಬಿಟ್‌ನ ಅವಿಭಾಜ್ಯ ಸಂಖ್ಯೆ ಇರುತ್ತದೆ. ದಶಮಾನದಲ್ಲಿ ಬರೆದರೆ 77, 78 ಅಂಕಿ. ಸರಿಯಾಗಿ ಆರಿಸಿದ ರೇಖೆಯಾದರೆ, ಗೊತ್ತಿರುವ ಅತ್ಯುತ್ತಮ ವಿಧಾನಕ್ಕೂ ಸುಮಾರು 2ರ ಘಾತ 128ರಷ್ಟು ಹೆಜ್ಜೆ ಬೇಕು. ಅಷ್ಟೇ ಭದ್ರತೆ ಆರ್‌ಎಸ್‌ಎಯಲ್ಲಿ ಬೇಕೆಂದರೆ ಸಂಖ್ಯೆ 3072 ಬಿಟ್ ಆಗಬೇಕು. ಚಿಕ್ಕ ಕೀ, ಕಡಿಮೆ ಲೆಕ್ಕ, ಕಡಿಮೆ ಬ್ಯಾಟರಿ. ಫೋನ್ ಮತ್ತು ಚಿಪ್ ಕಾರ್ಡ್‌ಗೆ ಇದು ಹೇಳಿ ಮಾಡಿಸಿದಂತಿತ್ತು. ನೀವು ಕಳಿಸುವ ವಾಟ್ಸಾಪ್ ಸಂದೇಶದ ಗುಟ್ಟಿನ ಹಿಂದೆ ಇರುವುದು ಒಂದು ಎಲಿಪ್ಟಿಕ್ ಕರ್ವ್. ಬಿಟ್‌ಕಾಯಿನ್‌ನ ಸಹಿಯ ಹಿಂದೆಯೂ ಅದೇ. ಅಲ್ಲಿ ಬಳಸುವ ರೇಖೆಯ ಅಧಿಕೃತ ಹೆಸರಿನಲ್ಲಿ ಒಂದು ‘ಕೆ’ ಬರುತ್ತದೆ. ಅದು ಕೋಬ್ಲಿಟ್ಸ್ ಹೆಸರಿನ ಕೆ.

ಇದು ಎಲ್ಲರಿಗೂ ಗೊತ್ತಿರುವ ಕೊಡುಗೆ. ನಿಮ್ಮ ಪ್ರಶ್ನೆಗೆ ಉತ್ತರ ಜಾಸ್ತಿ ಇರುವುದು ಇದರ ಮುಂದಿನ ಭಾಗದಲ್ಲಿ.

ಸರಿಯಾಗಿ ಆರಿಸಿದ ರೇಖೆಯಾದರೆ ಎಂದೆ, ಅಲ್ವಾ? ಮೊದಮೊದಲು ಯಾವ ರೇಖೆ ಸರಿ ಎಂದು ಯಾರಿಗೂ ಗೊತ್ತಿರಲಿಲ್ಲ. 1987ರಲ್ಲಿ ಪ್ರಕಟವಾದ ಕೋಬ್ಲಿಟ್ಸ್ ಅವರ ಲೇಖನದಲ್ಲೇ ಸೂಪರ್‌ಸಿಂಗ್ಯುಲರ್ ಎಂಬ ಜಾತಿಯ ರೇಖೆಗಳನ್ನು ಉದಾಹರಣೆಯಾಗಿ ಕೊಟ್ಟಿದ್ದರು, ಏಕೆಂದರೆ ಅವುಗಳಲ್ಲಿ ಲೆಕ್ಕ ಸುಲಭ. ಕೆಲವೇ ವರ್ಷಗಳಲ್ಲಿ ಮೆನೆಜೆಸ್, ಒಕಮೊಟೊ, ವ್ಯಾನ್‌ಸ್ಟೋನ್ ಎಂಬ ಮೂವರು ಅದೇ ಜಾತಿಗೆ ಕೈ ಹಾಕಿದರು. ವೇಲ್ ಪೇರಿಂಗ್ ಎಂಬ ಹಳೆಯ ಶುದ್ಧ ಗಣಿತದ ಸಾಧನ ಹಿಡಿದು, ಅಲ್ಲಿನ ಸಮಸ್ಯೆಯನ್ನು ಮತ್ತೆ ಶೇಷಗಳ ಸಮಸ್ಯೆಗೇ ಇಳಿಸಬಹುದು ಎಂದು ತೋರಿಸಿದರು. ಆ ರೇಖೆಗಳನ್ನು ಕೈಬಿಡಬೇಕಾಯಿತು. ಕೋಬ್ಲಿಟ್ಸ್ 1989ರಲ್ಲಿ ಹೈಪರ್‌ಎಲಿಪ್ಟಿಕ್ ಕರ್ವ್‌ಗಳನ್ನೂ ಸೂಚಿಸಿದ್ದರು. ಅವುಗಳಲ್ಲೂ ಜಟಿಲತೆ ಹೆಚ್ಚಿದ್ದ ರೇಖೆಗಳ ಮೇಲೆ ಇಂಡೆಕ್ಸ್ ಕ್ಯಾಲ್ಕುಲಸ್ ಕೆಲಸ ಮಾಡುತ್ತದೆ ಎಂದು ಆಮೇಲೆ ಗೊತ್ತಾಯಿತು. ಈ ಕ್ಷೇತ್ರ ಬೆಳೆಯುವುದೇ ಹೀಗೆ. ಒಬ್ಬರು ಮುಂದಿಡುತ್ತಾರೆ, ಇನ್ನೊಬ್ಬರು ಒಡೆಯುತ್ತಾರೆ, ಉಳಿದದ್ದರ ಮೇಲೆ ನಂಬಿಕೆ ಸ್ವಲ್ಪ ಜಾಸ್ತಿಯಾಗುತ್ತದೆ. ಒಡೆದ ಮೂವರಲ್ಲಿ ಒಬ್ಬರಾದ ಆಲ್ಫ್ರೆಡ್ ಮೆನೆಜೆಸ್, ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದವರು, ಮುಂದೆ ಕೋಬ್ಲಿಟ್ಸ್ ಅವರ ಅತಿ ಹತ್ತಿರದ ಸಹಲೇಖಕರಾದರು.

1990ರ ದಶಕದಲ್ಲಿ ಇದಕ್ಕೆ ವ್ಯಾಪಾರದ ಜಗಳವೂ ಸೇರಿತು. ಒಂದು ಕಡೆ ಆರ್‌ಎಸ್‌ಎ ಮಾರುತ್ತಿದ್ದ ಕಂಪನಿ. ಇನ್ನೊಂದು ಕಡೆ ಎಲಿಪ್ಟಿಕ್ ಕರ್ವ್ ಹಿಡಿದುಕೊಂಡ ಕೆನಡಾದ ಸರ್ಟಿಕಾಂ. ಈ ರೇಖೆಗಳು ಅರ್ಥವಾಗುವುದು ಕೆಲವೇ ಜನಕ್ಕೆ, ಇನ್ನೂ ಸಾಕಷ್ಟು ಪರೀಕ್ಷೆ ಆಗಿಲ್ಲ, ದೊಡ್ಡ ಬಳಕೆಗೆ ಈಗಲೇ ಬೇಡ ಎಂದು ಸ್ವತಃ ರಿವೆಸ್ಟ್ ಹೇಳಿದ್ದರು. ಆ ಎಚ್ಚರಿಕೆ ಆ ದಿನಕ್ಕೆ ತಪ್ಪಲ್ಲ ಎನ್ನುವುದು ನನ್ನ ಅಭಿಪ್ರಾಯ.

ಅಂಥ ಹೊತ್ತಿನಲ್ಲಿ, 1998ರಲ್ಲಿ, ಜೋಸೆಫ್ ಸಿಲ್ವರ್‌ಮನ್ ಒಂದು ಹೊಸ ದಾಳಿ ಸೂಚಿಸಿದರು. ಸಿಲ್ವರ್‌ಮನ್ ಅಂದರೆ ಸಾಮಾನ್ಯರಲ್ಲ. ಎಲಿಪ್ಟಿಕ್ ಕರ್ವ್ ಕಲಿಯುವವರೆಲ್ಲ ಓದುವ ಪಠ್ಯ ಬರೆದವರು. ದಾಳಿಗೆ ಅವರಿಟ್ಟ ಹೆಸರು ಕ್ಸೆಡ್ನಿ ಕ್ಯಾಲ್ಕುಲಸ್. ಅದರ ಉಪಾಯ ಸೊಗಸಾಗಿತ್ತು. ಶೇಷಗಳ ಲೋಕದ ಬಿಂದುಗಳನ್ನು ಮೊದಲು ಸಾಮಾನ್ಯ ಭಿನ್ನರಾಶಿಗಳ ಲೋಕಕ್ಕೆ ಎತ್ತಿಕೊಳ್ಳಿ. ಆಮೇಲೆ ಅವುಗಳ ಮೂಲಕ ಹಾಯುವ ರೇಖೆ ಹುಡುಕಿ. ಅದೃಷ್ಟವಿದ್ದು ಆ ಬಿಂದುಗಳ ನಡುವೆ ಒಂದು ಸಂಬಂಧ ಇದ್ದರೆ ಗುಟ್ಟು ಹೊರಗೆ ಬರುತ್ತದೆ. ಆ ಅದೃಷ್ಟದ ಸಾಧ್ಯತೆ ಎಷ್ಟು? ಎಲ್ಲವೂ ಈ ಒಂದು ಪ್ರಶ್ನೆಯ ಮೇಲೆ ನಿಂತಿತ್ತು. ಸಾಧ್ಯತೆ ಜಾಸ್ತಿ ಇದ್ದರೆ ಹದಿಮೂರು ವರ್ಷದ ಕೆಲಸ ಅಲ್ಲಿಗೆ ಮುಗಿಯಿತು.

ಕೋಬ್ಲಿಟ್ಸ್ ಕೂತು ಲೆಕ್ಕ ಹಾಕಿದರು. ಮೊದಲು ಅವರಿಗೆ ಕಂಡದ್ದು, ಈ ದಾಳಿಯನ್ನು ಸ್ವಲ್ಪ ಬದಲಿಸಿದರೆ ಆರ್‌ಎಸ್‌ಎ ಮೇಲೂ ಬಳಸಬಹುದು ಎಂಬುದು. ಅಂದರೆ ಗೆದ್ದರೆ ಎಲ್ಲರದ್ದೂ ಬೀಳುತ್ತದೆ. ಆಮೇಲೆ ಸಿಕ್ಕಿದ್ದು ನಿಜವಾದ ಉತ್ತರ. ಭಿನ್ನರಾಶಿಗಳ ಬಿಂದುಗಳಿಗೆ ಎತ್ತರ ಎಂಬ ಅಳತೆ ಇದೆ. ಅಂಶ ಮತ್ತು ಛೇದ ಎಷ್ಟು ದೊಡ್ಡವು ಎಂದು ಅದು ಹೇಳುತ್ತದೆ. ಬಿಂದುಗಳನ್ನು ಕೂಡಿಸುತ್ತಾ ಹೋದರೆ ಎತ್ತರ ಬಹಳ ಬೇಗ ಏರುತ್ತದೆ. ಹಾಗಾಗಿ ಎತ್ತಿಕೊಂಡ ಬಿಂದುಗಳ ನಡುವೆ ಸಂಬಂಧ ಇದ್ದರೆ ಅದರ ಗುಣಕಗಳು ತೀರಾ ಚಿಕ್ಕವಾಗಿರಲೇಬೇಕು. ಅಷ್ಟು ಚಿಕ್ಕ ಸಂಬಂಧ ಆಕಸ್ಮಿಕವಾಗಿ ಸಿಗುವ ಸಾಧ್ಯತೆ, ಸಂಖ್ಯೆಗಳು ದೊಡ್ಡದಾದಂತೆ, ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. 2000ದಲ್ಲಿ ಇದರ ವಿವರವಾದ ಲೇಖನ ಬಂತು. ಅದನ್ನು ಬರೆದ ಐವರಲ್ಲಿ ಕೋಬ್ಲಿಟ್ಸ್ ಒಬ್ಬರು, ದಾಳಿ ಸೂಚಿಸಿದ ಸಿಲ್ವರ್‌ಮನ್ ಇನ್ನೊಬ್ಬರು. ದಾಳಿ ಮಾಡಿದವರೂ ತಡೆದವರೂ ಒಂದೇ ಕಾಗದದ ಮೇಲೆ ಸಹಿ ಹಾಕುವ ಈ ಶಿಸ್ತು ನನಗೆ ತುಂಬಾ ದೊಡ್ಡದಾಗಿ ಕಾಣುತ್ತದೆ. ಒಂದು ವಿಷಯ ಗಮನಿಸಿ. ಇಲ್ಲಿ ಪ್ರೋಗ್ರಾಮಿಂಗ್ ಎಷ್ಟೇ ಬಂದರೂ ಈ ಉತ್ತರ ಸಿಗುತ್ತಿರಲಿಲ್ಲ. ಎತ್ತರಗಳ ಸಿದ್ಧಾಂತ ಗೊತ್ತಿದ್ದವರಿಗೆ ಮಾತ್ರ ಸಿಕ್ಕಿತು. ಅದು ನೀವು ಈಗ ಇಷ್ಟಪಟ್ಟು ಓದುತ್ತಿರುವ ವಿಷಯವೇ.

ಇನ್ನೊಂದು ಅಧ್ಯಾಯ ಜಗಳದ್ದು. ಕ್ರಿಪ್ಟೋಗ್ರಫಿಯಲ್ಲಿ ‘ನಮ್ಮ ಪದ್ಧತಿ ಸುರಕ್ಷಿತ ಎಂದು ಸಾಬೀತು ಮಾಡಿದ್ದೇವೆ’ ಎನ್ನುವ ಲೇಖನಗಳು ಬಹಳ ಬರುತ್ತವೆ. ಹಾಗೆಂದರೆ, ಇದನ್ನು ಒಡೆಯುವವರು ಇಂಥ ಕಷ್ಟದ ಗಣಿತ ಸಮಸ್ಯೆಯನ್ನೂ ಬಿಡಿಸಿದಂತೆ ಎಂದು ತೋರಿಸುವುದು. 2004ರಿಂದ ಕೋಬ್ಲಿಟ್ಸ್ ಮತ್ತು ಮೆನೆಜೆಸ್ ಸೇರಿ ಇಂಥ ಸಾಧನೆಗಳನ್ನು, ಅಂದರೆ ಗಣಿತದ ಪುರಾವೆಗಳನ್ನು, ಒಂದೊಂದಾಗಿ ಓದಿ ಪ್ರಶ್ನೆ ಹಾಕಿದರು. ಸಾಧನೆಯಲ್ಲಿ ತೂತು ಇದೆಯಾ? ತೂತು ಇಲ್ಲದಿದ್ದರೂ, ಬಳಸುವ ಕೀ ಗಾತ್ರಕ್ಕೆ ಆ ಸಾಧನೆ ಏನಾದರೂ ಭರವಸೆ ಕೊಡುತ್ತದಾ? ಅವರು ಎತ್ತಿ ತೋರಿಸಿದ ಒಂದು ಪ್ರಸಂಗ ಹೀಗಿದೆ. 1994ರಲ್ಲಿ ಒಎಇಪಿ ಎಂಬ ಪದ್ಧತಿ ಬಂತು, ಸಾಧನೆ ಸಮೇತ. ಸಂದೇಶವನ್ನು ಗುಟ್ಟಾಗಿಸುವ ಮುಂಚೆ ಹದಮಾಡುವ ಪದ್ಧತಿ ಅದು. ಎಲ್ಲರೂ ನಂಬಿದರು, ಮಾನದಂಡಗಳಲ್ಲೂ ಸೇರಿತು. 2001ರಲ್ಲಿ ವಿಕ್ಟರ್ ಶೂಪ್ ಆ ಸಾಧನೆಯಲ್ಲಿ ಒಂದು ಬಿರುಕು ಹುಡುಕಿದರು. ಆರ್‌ಎಸ್‌ಎ ಜೊತೆ ಬಳಸುವ ಮಟ್ಟಿಗೆ ಬೇರೆಯವರು ಅದನ್ನು ಸರಿಪಡಿಸಿದರು. ಆದರೆ ಏಳು ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

2007ರಲ್ಲಿ ಅಮೆರಿಕನ್ ಗಣಿತ ಸಂಘದ ಪತ್ರಿಕೆಯಲ್ಲಿ ಕೋಬ್ಲಿಟ್ಸ್ ಇದನ್ನೆಲ್ಲ ಖಾರವಾಗಿ ಬರೆದರು. ದೊಡ್ಡ ದೊಡ್ಡವರಿಂದ ಸಿಟ್ಟಿನ ಪತ್ರಗಳು ಬಂದವು. ಓಡೆಡ್ ಗೋಲ್ಡ್‌ರೈಕ್ ಅದಕ್ಕೂ ಮುಂಚೆಯೇ ಇವರ ವಾದಕ್ಕೆ ಕಟುವಾದ ಉತ್ತರ ಬರೆದಿದ್ದರು. ನಾನು ಎರಡೂ ಕಡೆ ಓದಿದ್ದೇನೆ. ಸುರಕ್ಷತೆ ಅಂದರೆ ಏನು ಎಂದು ನಿಖರವಾಗಿ ಹೇಳಲು ಕಲಿಸಿದ್ದೇ ಆ ಸಾಧನೆಗಳ ಪರಂಪರೆ. ಕೋಬ್ಲಿಟ್ಸ್ ಅದಕ್ಕೆ ಕೊಡಬೇಕಾದಷ್ಟು ಗೌರವ ಕೊಡಲಿಲ್ಲ. ಆದರೆ ಅವರ ಮೂಲ ಎಚ್ಚರಿಕೆ ಸರಿ. ಸಾಧನೆ ಇದೆ ಎಂದ ಮಾತ್ರಕ್ಕೆ ಓದದೆ ನಂಬಬೇಡಿ. ನಿಮ್ಮಂಥ ಗಣಿತ ವಿದ್ಯಾರ್ಥಿಗಳಿಗೆ ಇದರಲ್ಲಿ ದೊಡ್ಡ ಕೆಲಸ ಕಾದಿದೆ. ಸಾಧನೆಯನ್ನು ಸಾಲು ಸಾಲಾಗಿ ಓದುವ ತಾಳ್ಮೆ ನಿಮಗೆ ಕಲಿಸಿರುತ್ತಾರೆ.

ಗಣಿತದ ಆಚೆಗೂ ಎರಡು ವಿಷಯ ಹೇಳುತ್ತೇನೆ. 1992ರಲ್ಲಿ ಮೈಕೆಲ್ ಫೆಲೋಸ್ ಜೊತೆ ಸೇರಿ ಕೋಬ್ಲಿಟ್ಸ್ ಚಿಕ್ಕ ಮಕ್ಕಳಿಗೆ ಸಾರ್ವಜನಿಕ ಕೀ, ಅಂದರೆ ಎಲ್ಲರಿಗೂ ಕಾಣುವ ಕೀಲಿಯಿಂದಲೇ ಗುಟ್ಟು ಕಳಿಸುವ ಉಪಾಯ, ಕಲಿಸುವ ಆಟ ಮಾಡಿದರು. ಚುಕ್ಕಿ, ಗೆರೆ, ಕೂಡಿಸುವ ಲೆಕ್ಕ ಇಷ್ಟೇ ಅದಕ್ಕೆ ಬೇಕಾದದ್ದು. ಇನ್ನೊಂದು, 1985ರಲ್ಲೇ ಅವರೂ ಅವರ ಪತ್ನಿ, ವಿಜ್ಞಾನ ಇತಿಹಾಸಕಾರರಾದ ಆನ್ ಹಿಬ್ನರ್ ಕೋಬ್ಲಿಟ್ಸ್ ಅವರೂ ಸೇರಿ ಕೋವಲೆವ್‌ಸ್ಕಾಯಾ ನಿಧಿ ಶುರುಮಾಡಿದರು. ರಷ್ಯಾದ ಗಣಿತಜ್ಞೆ ಸೋಫಿಯಾ ಕೋವಲೆವ್‌ಸ್ಕಾಯಾ ಹೆಸರಿನ ಈ ನಿಧಿ ಬಡ ದೇಶಗಳಲ್ಲಿ ವಿಜ್ಞಾನ ಓದುವ ಹೆಣ್ಣುಮಕ್ಕಳಿಗೆ, ಮುಖ್ಯವಾಗಿ ವಿಯೆಟ್ನಾಂನಲ್ಲಿ, ನೆರವಾಗುತ್ತಾ ಬಂದಿದೆ. ವಿದ್ಯಾರ್ಥಿಯಾಗಿದ್ದಾಗ ವಿಯೆಟ್ನಾಂ ಯುದ್ಧವನ್ನು ವಿರೋಧಿಸಿದ್ದವರು ಕೋಬ್ಲಿಟ್ಸ್.

ಮುಂದೇನು ಎಂದೂ ನೀವು ಯೋಚಿಸಬೇಕು. ಕ್ವಾಂಟಂ ಕಂಪ್ಯೂಟರ್ ದೊಡ್ಡದಾಗಿ ಬಂದರೆ ಆರ್‌ಎಸ್‌ಎ ಮತ್ತು ಎಲಿಪ್ಟಿಕ್ ಕರ್ವ್ ಎರಡೂ ಬೀಳುತ್ತವೆ ಎಂದು ಪೀಟರ್ ಶೋರ್ 1994ರಲ್ಲೇ ತೋರಿಸಿದ್ದಾರೆ. 2015ರ ಆಗಸ್ಟ್‌ನಲ್ಲಿ ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ ಕ್ವಾಂಟಂ ತಡೆಯುವ ಪದ್ಧತಿಗಳಿಗೆ ಹೋಗುವುದಾಗಿ ಘೋಷಿಸಿತು. ಆಗ ಕೋಬ್ಲಿಟ್ಸ್ ಮತ್ತು ಮೆನೆಜೆಸ್ ಆ ನಿರ್ಧಾರದ ಹಿಂದೆ ಏನಿರಬಹುದು ಎಂದು ಒಂದೊಂದೇ ಸಾಧ್ಯತೆಯನ್ನು ತೂಗಿ ಲೇಖನ ಬರೆದರು. 2024ರಲ್ಲಿ ಕ್ವಾಂಟಂ ತಡೆಯುವ ಹೊಸ ಮಾನದಂಡಗಳು ಬಂದವು. ಅವುಗಳಲ್ಲಿ ಮುಖ್ಯವಾದವು ಲ್ಯಾಟಿಸ್, ಅಂದರೆ ಜಾಲರಿಯಂತೆ ಸಮವಾಗಿ ಹರಡಿದ ಬಿಂದುಗಳ, ಗಣಿತದ ಮೇಲೆ ನಿಂತಿವೆ. ಆ ಮಾನದಂಡಗಳನ್ನು ಆರಿಸಲು ನಡೆದ ಸ್ಪರ್ಧೆಯಲ್ಲಿ ಎಲಿಪ್ಟಿಕ್ ಕರ್ವ್‌ಗಳನ್ನೇ ಬೇರೆ ರೀತಿ ಬಳಸಿದ ಸೈಕ್ ಎಂಬ ಪದ್ಧತಿಯೂ ಬಹಳ ದೂರ ಬಂದಿತ್ತು. 2022ರಲ್ಲಿ ಬೆಲ್ಜಿಯಂನ ಕಾಸ್ಟ್ರಿಕ್ ಮತ್ತು ದೆಕ್ರು ಅದನ್ನು ಮಾಮೂಲಿ ಕಂಪ್ಯೂಟರ್‌ನ ಒಂದೇ ಕೋರ್‌ನಲ್ಲಿ ಸುಮಾರು ಒಂದು ಗಂಟೆಯಲ್ಲಿ ಒಡೆದರು. ಅವರ ಕೈಯಲ್ಲಿದ್ದ ಆಯುಧ ಅರ್ನ್ಸ್ಟ್ ಕಾನಿ 1997ರಲ್ಲಿ ಪ್ರಕಟಿಸಿದ ಒಂದು ಶುದ್ಧ ಗಣಿತದ ಪ್ರಮೇಯ.

ನೀವು ಈಗ ಮಾಡಬೇಕಾದ್ದು ಇಷ್ಟು. ಫೈನೈಟ್ ಫೀಲ್ಡ್, ಗ್ರೂಪ್, ರಿಂಗ್ ಇವನ್ನು ಗಟ್ಟಿ ಮಾಡಿಕೊಳ್ಳಿ. ರೇಖೀಯ ಬೀಜಗಣಿತ ಬಿಡಬೇಡಿ, ಲ್ಯಾಟಿಸ್‌ಗೆ ಅದೇ ಬುನಾದಿ. ಪ್ರೋಗ್ರಾಮಿಂಗ್ ಖಂಡಿತ ಬೇಕು, ಆದರೆ ಸೇಜ್ ಎಂಬ ಉಚಿತ ತಂತ್ರಾಂಶದಲ್ಲಿ ನಿಮ್ಮ ಲೆಕ್ಕ ನೀವೇ ಮಾಡಿ ನೋಡುವಷ್ಟು ಬಂದರೆ ಶುರುವಿಗೆ ಸಾಕು. ಕೋಲ್ಕತ್ತಾದ ಭಾರತೀಯ ಸಾಂಖ್ಯಿಕ ಸಂಸ್ಥೆಯಲ್ಲಿ ಆರ್. ಸಿ. ಬೋಸ್ ಹೆಸರಿನ ಕ್ರಿಪ್ಟಾಲಜಿ ಕೇಂದ್ರ ಇದೆ. 2000ದಲ್ಲಿ ಶುರುವಾದ ಇಂಡೋಕ್ರಿಪ್ಟ್ ಸಮ್ಮೇಳನದ ಲೇಖನಗಳನ್ನು ತಿರುವಿ ಹಾಕಿದರೆ ನಮ್ಮ ದೇಶದಲ್ಲಿ ಯಾರು ಏನು ಮಾಡುತ್ತಿದ್ದಾರೆ ಎಂದು ತಿಳಿಯುತ್ತದೆ. ಮನೆಯವರಿಗೆ ಈ ಪತ್ರವನ್ನೇ ಓದಿ ಹೇಳಿ.

ಮತ್ತೆ ಒಂದು ಲೆಕ್ಕ. ಮೇಲಿನ 17ರ ರೇಖೆಯಲ್ಲಿ ನಾನು ಐದು ಪಟ್ಟು ಮತ್ತು ಒಂಬತ್ತು ಪಟ್ಟು ಬಿಟ್ಟಿದ್ದೇನೆ. ಕೈಯಲ್ಲೇ ಮಾಡಿ. ಐದು ಪಟ್ಟಿಗೆ (5, 1) ಮತ್ತು (3, 1) ಕೂಡಿಸಿ, ಆಮೇಲೆ ಅದಕ್ಕೆ (3, 1) ಕೂಡಿಸಿದರೆ ಒಂಬತ್ತು ಪಟ್ಟು. ಉತ್ತರ (9, 16) ಮತ್ತು (7, 6) ಬರಬೇಕು.